ಪಳಗಿದ ಕೈ

ಕೊಟ್ರಯ್ಯ ಲಗ್ನದ ಮನೆಗಳಿಗೆ ಅಡಿಗೆ ಮಾಡುತ್ತಿದ್ದ. ಅವನ ಜೊತೆ ಹೋಳಿಗೆ ತಟ್ಟಲು ಪಾರ್ವತೆವ್ವ ಹೋಗುತ್ತಿದ್ದಳು. ಅವಳು ತಟ್ಟಿ ಹಂಚಿಗೆ ಹಾಕಿದರೆ, ಅವನು ಅಂಗೈಯ ಅಂಚಿನಿಂದ, ಕಿರುಬೆರಳಿನ ಬದಿಯಿಂದ, ಸುತ್ತ ಒತ್ತಿ ಬೇಯಿಸುತ್ತಿದ್ದ.

ಒಂದು ವರ್ಷದಿಂದ ಅವನ ಬಲಗೈ ಬಿಸಿಗೆ ಹಿಂದೆ ಸರಿಯುವುದನ್ನೇ ಬಿಟ್ಟಿತ್ತು. ಕಾದ ಹಂಚು ತಾಗಿದರೂ ಅವನ ಮಾತು ನಿಲ್ಲುತ್ತಿರಲಿಲ್ಲ. ಅದನ್ನು ನೋಡಲು ಬೀಗರು ಒಲೆಯ ಸುತ್ತ ನೆರೆಯುತ್ತಿದ್ದರು.

"ಪಳಗಿದ ಕೈ ಅಂದ್ರ ಇದು ನೋಡ್ರಪ್ಪಾ! ಬೆಂಕಿನೂ ಇವನಿಗೆ ಹೆದರ್ತೈತಿ" ಎಂದು ಅವರು ಹೊಗಳುತ್ತಿದ್ದರು.

"ನಿಮ್ಮ ಬೀಗ್ತಿ ಬಾಯಿಗಿಂತ ಈ ಹಂಚು ತಣ್ಣಗೈತ್ರಿ" ಎಂದು ಕೊಟ್ರಯ್ಯ ನಗಿಸುತ್ತಿದ್ದ. ಪಾರ್ವತೆವ್ವನೂ ನಗುತ್ತಿದ್ದಳು.

ಒಂದು ಲಗ್ನದಲ್ಲಿ ಅವಳ ಮೂಗಿಗೆ ಸುಟ್ಟ ಚರ್ಮದ ವಾಸನೆ ಬಡಿಯಿತು. ನೋಡಿದರೆ ಅವನ ಕಿರುಬೆರಳು ಹಂಚಿನ ಮೇಲೇ ಇತ್ತು.

"ಅಣ್ಣಾ, ಕೈ ಸುಡಾಕತ್ತೈತಿ!"

"ಸುಟ್ರ ನನಗ ಗೊತ್ತಾಗಂಗಿಲ್ಲೇನವ್ವಾ?"

ಮರುದಿನ ಬೊಬ್ಬೆ ಎದ್ದು ಒಡೆಯಿತು. ಅವಳೇ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಅವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಂದೊಂದೇ ಬೆರಳನ್ನು ಮುಟ್ಟಿದರು. ಮೂರು ಬೆರಳುಗಳಿಗೆ ಗೊತ್ತಾಯಿತು. ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧಕ್ಕೆ ಗೊತ್ತಾಗಲಿಲ್ಲ. ಕಿರುಬೆರಳಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಅವರು ಮೊಣಕೈಯ ಹಿಂದೆ, ಒಳಬದಿಯ ಎಲುಬಿನ ಪಕ್ಕ ಬೆರಳಿಟ್ಟು ನೋಡಿದರು. ಏಟು ಬಿದ್ದರೆ ಕಿರುಬೆರಳಿನವರೆಗೂ ಜುಮ್ಮೆನ್ನುವ ನರ ಅಲ್ಲಿ ಹಗ್ಗದಂತೆ ದಪ್ಪಗಾಗಿತ್ತು.

"ಪಳಗಿದ ಕೈ ಐತ್ರಿ, ಅದಕ್ಕ" ಎಂದ ಕೊಟ್ರಯ್ಯ.

"ಪಳಗಿಲ್ಲಪ್ಪ. ನರ ಸಾಯ್ತಾ ಇದೆ. ಇದು ಕುಷ್ಠ. ಇವತ್ತೇ ಮಾತ್ರೆ ಶುರು ಮಾಡು, ಯಾರಿಗೂ ಹರಡಲ್ಲ, ಬೆರಳೂ ಉಳೀಬಹುದು. ತಡ ಮಾಡಿದರೆ ಕೈಯೊಳಗಿನ ಸಣ್ಣ ಸ್ನಾಯುಗಳೂ ಹೋಗ್ತವೆ."

ಆ ಹೆಸರು ಕಿವಿಗೆ ಬಿದ್ದದ್ದೇ ಕೊಟ್ರಯ್ಯ ಎದ್ದು ಹೊರಗೆ ನಡೆದ.

"ಇದು ಊರಾಗ ಗೊತ್ತಾದ್ರ ನನ್ನ ಕೈಯಡಿಗಿ ಯಾರು ಉಣ್ತಾರ? ಲಗ್ನಸರಾಯಿ ಮುಗೀಲಿ, ಬರೋಣು. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವನಿಗೆ ಕೆಲಸವಿಲ್ಲದಿದ್ದರೆ ತನಗೂ ಇಲ್ಲವೆಂದು ಪಾರ್ವತೆವ್ವನಿಗೆ ಗೊತ್ತಿತ್ತು. ಅವಳು ಅವನನ್ನು ತಡೆಯದೆ ಹಿಂದೆಯೇ ನಡೆದಳು.

ಎರಡು ಲಗ್ನಸರಾಯಿ, ಮದುವೆಯ ಎರಡು ಹಂಗಾಮು, ಕಳೆದವು. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಮಡಚಿಕೊಂಡವು. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಇಂಗಿ ಗುಳಿ ಬಿತ್ತು. ಸೌಟು ಜಾರಿ ಬೀಳತೊಡಗಿದ ಮೇಲೆ ಕೊಟ್ರಯ್ಯ ತಾನಾಗಿಯೇ ಆಸ್ಪತ್ರೆಗೆ ಹೋದ. ವರ್ಷವಿಡೀ ಮಾತ್ರೆ ನುಂಗಿದ. ರೋಗ ವಾಸಿಯಾಯಿತು. ಬೆರಳು ನೆಟ್ಟಗಾಗಲಿಲ್ಲ.

ಲಗ್ನದ ಮನೆಯವರು ಬೇರೆ ಅಡಿಗೆಯವನನ್ನು ಕರೆದರು. ಪಾರ್ವತೆವ್ವ ಆ ಹೊಸಬನ ಜೊತೆ ಹೋಗತೊಡಗಿದಳು.

ಒಂದು ದಿನ ಅವಳು ಕೊಟ್ರಯ್ಯನ ಮನೆಗೆ ಹೋಳಿಗೆ ಕಟ್ಟಿಕೊಂಡು ಹೋದಳು. ಅವನು ಎಡಗೈಯಿಂದ ಗಂಟಿನ ಜೊತೆ ಸೆಣಸಿ, ಕೊನೆಗೆ ಬಿಟ್ಟ.

"ಅವತ್ತು ಆಸ್ಪತ್ರಿ ಮುಂದ ರಟ್ಟೆ ಹಿಡಿದು ನನ್ನ ತಿರುಗಿ ಒಳಗ ಎಳಕೊಂಡು ಹೋಗಾಕ ಆಗ್ತಿರಲಿಲ್ಲೇನವ್ವಾ?"

ಪಾರ್ವತೆವ್ವ ಗಂಟು ಬಿಚ್ಚಿಕೊಟ್ಟಳು.

ನೀತಿ: ನೋವು ಮೈಯ ಕಾವಲುಗಾರ, ಅದು ಮೂಕವಾದದ್ದನ್ನು ಶಕ್ತಿಯೆಂದು ಹೊಗಳುವವರನ್ನು ನಂಬಬಾರದು. ಗೊತ್ತಿದ್ದೂ ಸಮಯಕ್ಕೆ ತಡೆಯದ ಸ್ನೇಹ, ಆಮೇಲೆ ಎಷ್ಟು ಹೋಳಿಗೆ ತಂದುಕೊಟ್ಟರೂ, ಮಡಚಿದ ಒಂದು ಬೆರಳನ್ನೂ ನೆಟ್ಟಗೆ ಮಾಡಲಾರದು.