ಕಾಶಿಗೆ ಹೊರಟ ಮಾವ

"ನನ್ನ ಮಗಳ ಮದುವೆಯಲ್ಲಿ ನನಗಿಂತ ಚೆನ್ನಾಗಿ ಉಟ್ಟವನು ಒಬ್ಬನೂ ಇರಕೂಡದು. ಮದುಮಗನೂ ಅಷ್ಟೆ!" ಎಂದು ಬೆಳ್ಳಿಗೆರೆಯ ದೊರೆ ರಾಚರಸ ತುಂಬಿದ ಸಭೆಯಲ್ಲಿ ಅಪ್ಪಣೆ ಮಾಡಿದ.

ಸಭೆ ಭೇಷ್ ಅಂದಿತು. ಸಭೆಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ. ಆಸ್ಥಾನದ ಜಾಣ ಏಚಣ್ಣ ಮಾತ್ರ ತಲೆ ಕೆರೆದುಕೊಂಡ.

ದೊರೆಗೆ ಬಟ್ಟೆಯ ಹುಚ್ಚು ಮೊದಲಿನಿಂದಲೂ ಇತ್ತು. ಮದುವೆಯ ನೆಪ ಸಿಕ್ಕ ಮೇಲೆ ಅದು ನೆತ್ತಿಗೇರಿತು. ಅರಿಶಿನದ ಶಾಸ್ತ್ರಕ್ಕೆ ಹಳದಿ ರೇಷ್ಮೆ, ಬೀಗರನ್ನು ಎದುರುಗೊಳ್ಳಲು ಮಖಮಲ್ಲಿನ ಅಂಗಿ, ಧಾರೆಗೆ ನೆಲ ಗುಡಿಸುವಷ್ಟು ಉದ್ದದ ಜರಿಯ ನಿಲುವಂಗಿ. ಮದುಮಗ ಬಾಚಿದೇವನಿಗೆ ಒಂದು ನೂಲಿನ ಪಂಚೆ, ಒಂದು ಶಲ್ಯ. ಅದಕ್ಕೆ ಅಂಚೂ ಇರಲಿಲ್ಲ.

ಮದುವೆಯ ಬೆಳಿಗ್ಗೆ ಆ ಪಂಚೆ ನೋಡಿ ಗಂಡಿನ ತಂದೆ ಕೆಂಡವಾದ. "ನಮ್ಮ ಹುಡುಗ ಮದುವೆಗೆ ಬಂದನೋ, ಪಂಕ್ತಿಯಲ್ಲಿ ಸಾರು ಬಡಿಸಲು ಬಂದನೋ? ಗಾಡಿ ಕಟ್ಟಿ, ಹೊರಡೋಣ!"

ರಾಜಕುಮಾರಿ ಪದುಮಲೆ ಏಚಣ್ಣನ ಹತ್ತಿರ ಓಡಿಬಂದಳು. "ಏಚಣ್ಣ ಮಾವ, ಅಪ್ಪನ ಅಂಗಿಯಿಂದ ನನ್ನ ಮದುವೆ ಮುರಿದುಬೀಳುತ್ತೆ. ಏನಾದರೂ ಮಾಡಿ."

ಏಚಣ್ಣ ಎತ್ತಿ ಆಡಿಸಿದ ಮಗು ಅದು. "ಅಳಬೇಡ ಕೂಸೇ," ಎಂದವನು ಬೀಗರ ಕೈಕಾಲು ಹಿಡಿದು ಸ್ವಲ್ಪ ಹೊತ್ತು ನಿಲ್ಲಿಸಿ, ದೊರೆಯ ಕೋಣೆಗೆ ನಡೆದ.

ದೊರೆ ಕನ್ನಡಿಯ ಮುಂದಿದ್ದ. "ಹೇಗಿದ್ದೇನೆ?"

"ಕಣ್ಣು ಕುಕ್ಕುತ್ತಿದೆ ಪ್ರಭು. ಆದರೂ ಮದುಮಗ ನಿಮ್ಮನ್ನು ಮೀರಿಸಿಬಿಡುತ್ತಾನೆ."

"ಆ ಪಂಚೆಯಲ್ಲೇ?"

"ಹಣೆಗೆ ಬಾಸಿಂಗ ಕಟ್ಟುತ್ತಾರಲ್ಲ, ಜನ ನೋಡುವುದು ಅದನ್ನೇ. ನಿಮ್ಮ ಹಣೆ ಬೋಳಾಗಿದೆ."

"ನನಗೂ ಕಟ್ಟು. ಅವನದಕ್ಕಿಂತ ದೊಡ್ಡದು!"

"ಕಾಶಿಯಾತ್ರೆಯಲ್ಲಿ ಅವನ ಕೈಗೆ ಛತ್ರಿ, ಬೆತ್ತ ಬೇರೆ ಕೊಡುತ್ತಾರೆ."

"ಅವೂ ನನಗೇ! ಯಾತ್ರೆಗೂ ನಾನೇ ಹೊರಡುತ್ತೇನೆ. ಅವನು ಸುಮ್ಮನೆ ಕೂತಿರಲಿ."

"ಅಪ್ಪಣೆ," ಎಂದು ಏಚಣ್ಣ ಬಾಗಿ ನಗು ಮುಚ್ಚಿಕೊಂಡ.

ಧಾರೆಗೆ ಮುಂಚೆ ಮದುಮಗ ಸಂಸಾರವೇ ಬೇಡವೆಂದು ಕಾಶಿಗೆ ಹೊರಡುವುದು, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವನನ್ನು ತಡೆದು ಕರೆತರುವುದು ಅಲ್ಲಿನ ಶಾಸ್ತ್ರ. ಓಲಗ ಮೊಳಗಿತು. ಬಾಸಿಂಗ ಕಟ್ಟಿಕೊಂಡ ದೊರೆ ಛತ್ರಿ ಹಿಡಿದು ಗತ್ತಿನಿಂದ ಹೊರಟ. ಜನ ಬಾಯಿಗೆ ಸೆರಗು, ಶಲ್ಯ ಅಡ್ಡ ಹಿಡಿದು ನೋಡಿದರು.

ಚಪ್ಪರ ದಾಟಿತು. ಅರಮನೆಯ ಹೆಬ್ಬಾಗಿಲು ದಾಟಿತು. ಕೆರೆ ಏರಿಯೂ ಬಂತು. ಬಿಸಿಲಿಗೆ ನಿಲುವಂಗಿಯೊಳಗೆ ದೊರೆ ಬೆಂದುಹೋದ.

"ಏಚಣ್ಣ, ಯಾರೂ ತಡೆಯುತ್ತಿಲ್ಲವಲ್ಲೋ!"

"ತಡೆಯಬೇಕಾದವರು ಹೆಣ್ಣಿನ ತಂದೆ, ಪ್ರಭು. ಎಲ್ಲ ಕಡೆ ಹುಡುಕಿಸಿದೆ. ಮಂಟಪದಲ್ಲಿಲ್ಲ."

"ಲೋ, ಹೆಣ್ಣಿನ ತಂದೆ ನಾನೇ ಅಲ್ಲವೇನೋ!"

ಏಚಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಉಡುಪು ನೋಡಿದರೆ ಹಾಗನ್ನಿಸಲಿಲ್ಲ, ಪ್ರಭು. ಮುಹೂರ್ತ ಮೀರುತ್ತಿದೆ. ಮದುಮಗ ಬೇಕೆಂದರೆ ಅಲ್ಲಿ ಒಬ್ಬನಿದ್ದಾನೆ. ಆ ಮಗುವನ್ನು ಧಾರೆ ಎರೆದುಕೊಡಲು ಅಪ್ಪ ಮಾತ್ರ ಇಲ್ಲ."

ದೊರೆ ತಿರುಗಿ ನೋಡಿದ. ದೂರದ ಹೆಬ್ಬಾಗಿಲಲ್ಲಿ ಪದುಮಲೆ ಒಬ್ಬಳೇ ನಿಂತಿದ್ದಳು. ಅವನಿಗೆ ನಾಚಿಕೆಯಾಯಿತು. ಆಮೇಲೆ ಹೊಟ್ಟೆ ಕುಣಿಯುವಂತೆ ನಗು ಬಂತು. ಓಡೋಡಿ ಹಿಂದಿರುಗಿ ಬಾಸಿಂಗ, ಛತ್ರಿ, ಜರಿ ಎಲ್ಲವನ್ನೂ ಅಳಿಯನಿಗೆ ಒಪ್ಪಿಸಿದ. ಅಳಿಯನ ಪಂಚೆಯನ್ನು ತಾನು ಉಟ್ಟು ಧಾರೆ ಎರೆದ. ಬೀಗರು ಗಾಡಿಯ ಎತ್ತು ಬಿಚ್ಚಿದರು.

ಬೀಗರೂಟದ ದಿನ ದೊರೆ ಮಖಮಲ್ಲಿನ ಅಂಗಿಯನ್ನು ಏಚಣ್ಣನ ಮುಂದೆ ಹಿಡಿದ. "ತಗೋ, ನಿನಗೇ ಇದು."

ಏಚಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಪ್ರಭು. ಇದನ್ನು ತೊಟ್ಟು ನಾನೂ ಕಾಶಿಗೆ ಹೊರಟೆ ಅನ್ನಿ, ನನ್ನವಳು ತಡೆಯುವುದಿಲ್ಲ. ಬುತ್ತಿ ಕಟ್ಟಿಕೊಡುತ್ತಾಳೆ!"