ಸಾವಂತ್ರಿಯ ಕುರ್ಚಿ

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ನಾನು ಮೊದಲ ಸಲ ಮನೆ ಬಿಟ್ಟೆ. ಅಂದು ಹೆಗಲೇರಿದ ಚೀಲ ಇವತ್ತು, ಕೋಣೆಯ ಸ್ಪೀಕರುಗಳಿಗೆ ಹಾಡು ಕಳಿಸುವ ನಮ್ಮ ಹೋಂ ಥಿಯೇಟರ್ ರಿಸೀವರನ್ನು ಕರೆಯಿತು. ದುಬಾರಿಯೂ ಅಲ್ಲದ, ಅಗ್ಗವೂ ಅಲ್ಲದ ಆ ರಿಸೀವರನ್ನು ಹೆಂಡತಿ ಸಾವಂತ್ರಿ ಹಟ ಹಿಡಿದು ಕೊಳ್ಳಿಸಿದ್ದಳು.

"ಏಳಯ್ಯಾ, ಯಜಮಾನ ಹೊರಟಿದ್ದಾನೆ. ನೀನೂ ಬಾ."

"ಬರಲಾರೆ. ನನ್ನನ್ನು ತಂದ ದಿನ ಸಾವಂತ್ರಮ್ಮನ ಕುರ್ಚಿಯ ಮೇಲೆ ಮೈಕ್ ಇಟ್ಟು, ಹಾಡು ಸರಿಯಾಗಿ ಅಲ್ಲಿಗೇ ಬಂದು ಸೇರುವಂತೆ ಕೋಣೆಯ ಅಳತೆ ತೆಗೆಸಿದರು. ಆಗ ಯಾರೂ ಸದ್ದು ಮಾಡಬಾರದು. ಆಕೆ ಮಾತ್ರ ಗಂಡನಿಗೆ, 'ಅಡ್ಡಾಡಬ್ಯಾಡ್ರೀ, ನೀವೂ ಒಂದು ಕಡೆ ಕೂತ್ಕೊಳ್ರೀ' ಅಂತ ನಕ್ಕುಬಿಟ್ಟರು. ಮತ್ತೆ ಮೊದಲಿಂದ ಅಳೆಯಬೇಕಾಯಿತು. ಅಂದಿನಿಂದ ಪ್ರತಿ ಹಾಡನ್ನೂ ಆ ಕುರ್ಚಿಗೇ ಕಳಿಸುತ್ತಿದ್ದೇನೆ."

"ಆಕೆ ತೀರಿಕೊಂಡು ಒಂದು ಮಳೆಗಾಲ ಕಳೆಯಿತಲ್ಲೋ!"

"ಗೊತ್ತು. ಆದರೂ ಕಳಿಸುತ್ತೇನೆ."

"ಹೊಸ ಊರಲ್ಲಿ ಇನ್ನೊಮ್ಮೆ ಅಳತೆ ತೆಗೆಸಿದರಾಯಿತು."

"ಅಲ್ಲಿ ಮೈಕ್ ಎಲ್ಲಿಡುತ್ತಾನೆ? ನಿನ್ನ ಯಜಮಾನ ಕೂರುವ ಜಾಗ ಯಾವುದು, ನೀನೇ ಹೇಳು."

"ಅವನು ಒಂದು ಕಡೆ ಕೂತದ್ದನ್ನು ನಾನು ಕಂಡೇ ಇಲ್ಲ," ಎಂದಿತು ನನ್ನ ಜೊತೆ ಊರೂರು ಸುತ್ತಿದ ಚೀಲ.

ನಾನು ಮೊದಲ ಸಲ ಆ ಕುರ್ಚಿಯಲ್ಲಿ ಕೂತು ಒಂದು ಹಾಡು ಪೂರ್ತಿ ಕೇಳಿದೆ. ಅದು ನಾಲ್ಕೂ ದಿಕ್ಕಿನಿಂದ ಬಂದು ನನ್ನನ್ನು ತಬ್ಬಿತು. ಆಮೇಲೆ ರಿಸೀವರಿನ ಒಂದು ವೈರನ್ನೂ ಕೀಳದೆ, ಎರಡು ಅಂಗಿ ಮಡಚಿ ಚೀಲಕ್ಕೆ ತುಂಬತೊಡಗಿದೆ.