ಸಿಮ್ ಇಲ್ಲದ ಟ್ಯಾಬ್‌ನಿಂದ ಹೋದ ದೂರು

"ನಿಮ್ಮ ಲೈನೇ ಸತ್ತಿದೆ!" ನಿವೃತ್ತ ತಹಶೀಲ್ದಾರ್ ಶೇಷಗಿರಿರಾಯರು ಗುಡುಗಿದರು. ಕಂಪ್ಯೂಟರಿನ ಆಂಟಿವೈರಸ್ಸನ್ನು ಬೆಳಿಗ್ಗೆ ಅವರೇ ಕಿತ್ತುಹಾಕಿದ್ದರು. ಆಗಿನಿಂದ ಅದರಲ್ಲಿ ನೆಟ್ ಇಲ್ಲ. ತಪ್ಪು ಮಾತ್ರ ಇಂಟರ್‌ನೆಟ್ ಲೈನ್‌ಮನ್ ಮಾದೇಗೌಡನದು! ಇನ್ನೊಂದು ದೂರು ಹೋದರೆ ಅವನ ಕೆಲಸಕ್ಕೇ ಕುತ್ತು.

ಆದರೂ ಮಾದೇಗೌಡ ಸೋಫಾದ ಮೇಲಿದ್ದ ರಾಯರ ಟ್ಯಾಬನ್ನೇ ಎತ್ತಿಕೊಟ್ಟ. "ದೂರು ಈಗಲೇ ಕಳಿಸಿಬಿಡಿ ಸಾರ್, ಇದರಲ್ಲೇ."

ರಾಯರು ಹಲ್ಲು ಕಚ್ಚಿ ಬರೆದು ಒತ್ತಿದರು. "ಹೋಯ್ತು! ಈಗೇನಂತೀಯ?"

"ಇದರಲ್ಲಿ ಸಿಮ್ಮೇ ಇಲ್ಲ ಸಾರ್. ದೂರು ಹೋಗಿದ್ದು ನಿಮ್ಮ ಮನೆ ವೈಫೈ ಮೂಲಕ, ನೀವು ಸತ್ತಿದೆ ಅಂದ ಲೈನಿನಲ್ಲೇ."

ರಾಯರು ಟ್ಯಾಬನ್ನು ತಿರುಗಿಸಿ ನೋಡಿದರು. ಸಿಮ್ ಹಾಕುವ ಜಾಗವೇ ಇರಲಿಲ್ಲ.

ಆಂಟಿವೈರಸ್ ಹೋಗುವಾಗ ಕಂಪ್ಯೂಟರಿನಲ್ಲಿ ಉಳಿಸಿಹೋಗಿದ್ದ ತಡೆಯನ್ನು ಮಾದೇಗೌಡ ತೆಗೆದ. ನೆಟ್ ಬಂತು.

"ಕಳಿಸಿದ ದೂರು ವಾಪಸ್ ತಗೊಳ್ಳೋದು ಹೇಗಯ್ಯಾ?" ರಾಯರ ದನಿ ಇಳಿದಿತ್ತು.

"ಅದಕ್ಕೂ ಲೈನ್ ಚೆನ್ನಾಗೇ ಇದೆ ಸಾರ್."